ವಿಭೂತಿ ಉದುರುವ ತನಕ

ನನ್ನ ಸಹಿಗೊಂದು ತೂಕ ಇದೆ ಅಂತ ಬಹಳ ವರ್ಷ ಬೀಗಿಕೊಂಡು ಓಡಾಡಿದವನು ನಾನು. ಹೆಸರು ಇಂದ್ರೇಶ್, ಓದಿದ್ದು ಡಿಪ್ಲೊಮಾ ಎಲೆಕ್ಟ್ರಿಕಲ್. ಅರಸೀಕೆರೆ ಬಸ್ ಸ್ಟ್ಯಾಂಡಿನಿಂದ ಐದು ನಿಮಿಷ ನಡೆದರೆ ನನ್ನ ಅಂಗಡಿ. ಹಳೇ ಯಂತ್ರಗಳಿಗೆ ಪ್ಯಾನೆಲ್ ಬೋರ್ಡು, ಟೈಮರ್, ಸೆನ್ಸರ್ ಕೂರಿಸಿ ಅವು ತಮ್ಮಷ್ಟಕ್ಕೆ ತಾವೇ ಓಡುವ ಹಾಗೆ ಮಾಡುವುದು ನನ್ನ ಕಸುಬು. ಬೋರ್ಡಿನ ಮೇಲೆ 'ಇಂದ್ರೇಶ್ ಆಟೊಮೇಷನ್' ಅಂತ ದೊಡ್ಡದಾಗಿ ಬರೆಸಿದ್ದೇನೆ. ನಮ್ಮಪ್ಪ ಸಾಯುವವರೆಗೂ ಅದನ್ನು ಆಟೊ ರಿಪೇರಿ ಅಂಗಡಿ ಅಂತಲೇ ಊರಲ್ಲಿ ಹೇಳಿಕೊಂಡು ತಿರುಗಿದ.

ಯಂತ್ರ ಕೂರಿಸಿದರೆ ನನ್ನ ಕೆಲಸ ಮುಗಿಯುವುದಿಲ್ಲ. ವರ್ಷಕ್ಕೊಮ್ಮೆ ಸರ್ಕಾರದ ಪೋರ್ಟಲ್‌ಗೆ ಸುರಕ್ಷತೆಯ ಘೋಷಣೆ ಏರಿಸಬೇಕು. ಮಾಲೀಕರದೊಂದು ಸಹಿ, ಯಂತ್ರಕ್ಕೆ ಸೆನ್ಸರಿನ ಕಾವಲು ಕೂರಿಸಿದವನದೊಂದು ಸಹಿ. 'ಎಲ್ಲ ಸೆನ್ಸರ್‌ಗಳನ್ನೂ ಖುದ್ದಾಗಿ ಪರೀಕ್ಷಿಸಿದ್ದೇನೆ, ಯಾವುದನ್ನೂ ತಪ್ಪಿಸಿ ಯಂತ್ರ ಓಡಿಸುತ್ತಿಲ್ಲ' ಅನ್ನುವ ಸಾಲಿನ ಮುಂದೆ ಒಂದು ಚೌಕ. ಅದನ್ನು ಒತ್ತಿದರೆ ಟಿಕ್ ಬೀಳುತ್ತದೆ. ಬಾಣಾವರದಿಂದ ಬೇಲೂರಿನವರೆಗೆ ಮೂವತ್ತೊಂದು ಕಾರ್ಖಾನೆಗಳಿಗೆ ಟಿಕ್ ಒತ್ತುವವನು ನಾನೇ. ಅದರಲ್ಲೊಂದು ಮಾದಿಹಳ್ಳಿ ಹತ್ತಿರದ ಮರುಳಪ್ಪನವರ ತೆಂಗಿನ ನಾರಿನ ಕಾರ್ಖಾನೆ.

ಕಾರ್ಖಾನೆ ಅಂದರೆ ತಗಡಿನ ಶೆಡ್ಡು, ಹನ್ನೆರಡು ಜನ ಕೆಲಸದವರು, ಬೆಟ್ಟದಷ್ಟು ತೆಂಗಿನ ಸಿಪ್ಪೆ. ಸಿಪ್ಪೆ ಎರಡು ಹಲ್ಲಿನ ರೋಲರ್‌ಗಳ ನಡುವೆ ಹಾದು ನಾರಾಗಿ ಆಚೆ ಬೀಳುತ್ತದೆ. ಒದ್ದೆ ನಾರು ಆಗಾಗ ರೋಲರ್‌ಗೆ ಸುತ್ತಿಕೊಳ್ಳುತ್ತದೆ, ಅದನ್ನು ಬಿಡಿಸಲಿಕ್ಕೆ ಪಕ್ಕದಲ್ಲೊಂದು ಕಿಂಡಿ. ಮೊದಲು ಕಬ್ಬಿಣದ ಕೊಕ್ಕೆ ತೂರಿಸಿ ಹದಿನೈದು ಇಪ್ಪತ್ತು ನಿಮಿಷ ಎಳೆದಾಡುತ್ತಿದ್ದರು. ನಾನು ಆ ಕಿಂಡಿಯ ಎರಡೂ ಕಡೆ ಸೆನ್ಸರ್ ಕೂರಿಸಿದೆ. ಕಿಂಡಿಯೊಳಗೆ ಏನೇ ಹೋದರೂ ರೋಲರ್ ಗಕ್ಕನೆ ನಿಲ್ಲುತ್ತದೆ. ಕೈಯಲ್ಲೇ ನಾರು ಕಿತ್ತು, ಕೈ ಆಚೆ ತೆಗೆದು, ಹಸಿರು ಗುಂಡಿ ಒತ್ತಿದರೆ ಮತ್ತೆ ಓಡುತ್ತದೆ. ಎರಡು ನಿಮಿಷದ ಕೆಲಸ.

ಕಿಂಡಿಯ ಹತ್ತಿರ ನಿಲ್ಲುವವರು ಹುಲಿಕೆರೆಯ ದೇವೀರಮ್ಮ. ಐವತ್ತರ ಹತ್ತಿರದ ವಯಸ್ಸು, ಗಂಡ ಇಲ್ಲ, ಮಗಳು ಮೇಘಶ್ರೀ ಬೇಲೂರಿನಲ್ಲಿ ಬಿ.ಕಾಂ. ಓದುತ್ತಾಳೆ. ಆಯಮ್ಮ ಎರಡು ವಾರ ಸೆನ್ಸರನ್ನು ನಂಬಲಿಲ್ಲ. "ನಿನ್ ಡಬ್ಬೀಗೆ ಕಣ್ಣು ಕಾಣ್ತದೆ ಅಂತ ಏನಪ್ಪಾ ಗ್ಯಾರಂಟಿ?" ಅಂತ ಕೊಕ್ಕೆಯನ್ನೇ ಹಿಡಿದುಕೊಂಡಿದ್ದರು. ಕೊನೆಗೆ ನಾನೇ ತೋಳು ಮಡಿಸಿ, ಓಡುವ ಯಂತ್ರದ ಕಿಂಡಿಗೆ ಕೈ ತೂರಿಸಿದೆ. ರೋಲರ್ ನಿಂತಿತು. ಮೂರು ಸಲ ಮಾಡಿ ತೋರಿಸಿದೆ. ಅವತ್ತಿನಿಂದ ಅವರು ಅದಕ್ಕೆ ಕಣ್ಣು ಅಂತಲೇ ಹೆಸರಿಟ್ಟು, ದಿನಾ ಬೆಳಿಗ್ಗೆ ಸೆರಗಿನ ತುದಿಯಿಂದ ಗಾಜು ಒರೆಸುತ್ತಿದ್ದರು. ನನಗೆ ಹೆಮ್ಮೆ. ಯಾರನ್ನಾದರೂ ನಂಬಿಸುವುದು ಎಷ್ಟು ಸುಲಭ ಅಂತ ಆಗ ನನಗೆ ಭಯ ಆಗಬೇಕಿತ್ತು, ಆಗಲಿಲ್ಲ.

ಆಯುಧಪೂಜೆಗೆ ಮರುಳಪ್ಪನವರ ಹೆಂಡತಿ ಶಿವಗಂಗಮ್ಮ ಕಾರ್ಖಾನೆಗೆ ಬಂದು ಪೂಜೆ ಮಾಡಿದರು. ಮೋಟಾರು, ಪ್ಯಾನೆಲ್, ಲಾರಿ, ತಕ್ಕಡಿ, ಒಂದನ್ನೂ ಬಿಡದೆ ಒದ್ದೆ ವಿಭೂತಿಯಲ್ಲಿ ಮೂರೆಳೆ ಎಳೆದರು. ಕಿಂಡಿಯ ಎರಡೂ ಕಣ್ಣುಗಳ ಮೇಲೂ ಎಳೆದರು. ವಿಜಯದಶಮಿಯ ಮಾರನೇ ದಿನ ಬೆಳಿಗ್ಗೆ ಮರುಳಪ್ಪನವರ ಫೋನು.

"ಇಂದ್ರೇಶ, ಮಿಷನ್ನು ಮುಷ್ಕರ ಹೂಡೈತೆ ಕಣಯ್ಯ. ಹಸಿರು ಒತ್ತಿದ್ರೆ ಕೆಂಪು ದೀಪ ಹತ್ತತೈತೆ. ತಮಿಳುನಾಡಿನ ಲಾರಿ ಬಂದು ನಿಂತೈತೆ. ಎದ್ದ್ ಬಾ."

ಹೋಗಿ ನೋಡಿದರೆ ರೋಗ ಕಣ್ಣೆದುರಿಗೇ ಇತ್ತು. ಗಾಜಿನ ಮೇಲೆ ವಿಭೂತಿ ಒಣಗಿ ಗಟ್ಟಿಯಾಗಿತ್ತು. ಕಣ್ಣಿಗೆ ಏನೂ ಕಾಣದೆ, ಕಿಂಡಿಯಲ್ಲಿ ಯಾರದೋ ಕೈ ಇದೆ ಅಂದುಕೊಂಡು ಯಂತ್ರವನ್ನು ತಡೆದು ನಿಲ್ಲಿಸಿತ್ತು. ಅಷ್ಟರ ಮಟ್ಟಿಗೆ ಅದು ನನಗಿಂತ ನಿಯತ್ತಿನದು.

"ಒರೆಸಿದ್ರೆ ಆಯ್ತು ಯಜಮಾನ್ರೆ," ಅಂದೆ. ದೇವೀರಮ್ಮ ಆಗಲೇ ಸೆರಗಿನ ತುದಿ ಹಿಡಿದು ಮುಂದೆ ಬಂದಿದ್ದರು.

"ಮುಟ್ಟಬ್ಯಾಡ!" ಅಂದರು ಗಂಡನ ಜೊತೆ ಬಂದು ನಿಂತಿದ್ದ ಶಿವಗಂಗಮ್ಮ. "ಹಚ್ಚಿದ್ದು ತಾನಾಗಿ ಉದುರಬೇಕು. ನಮ್ಮತ್ತೆ ಕಾಲದಿಂದ್ಲೂ ಹಂಗೇ. ಅದು ಯಂತ್ರದ ಹಣೆ ಕಣಮ್ಮಾ. ಅದನ್ನ ಒರೆಸಿದ್ರೆ ಮನೆಯವರ ಹಣೆ ಒರೆಸ್ದಂಗೆ."

ದೇವೀರಮ್ಮ ಕೈ ಹಿಂದಕ್ಕೆ ತೆಗೆದುಕೊಂಡು ತುಟಿ ಕಚ್ಚಿಕೊಂಡರು. ಮರುಳಪ್ಪ ನನ್ನ ಮುಖ ನೋಡಿದರು. ನಾನು ಗಟ್ಟಿಯಾಗಿ 'ಇಲ್ಲ, ಒರೆಸಲೇಬೇಕು' ಅನ್ನಬಹುದಿತ್ತು. ಕಣ್ಣುಗಳನ್ನು ಬಿಚ್ಚಿ ಹೊಸವನ್ನು ಹಾಕಬಹುದಿತ್ತು, ಅರ್ಧ ದಿನದ ಕೆಲಸ. ಯಾವುದೂ ಬೇಡವಾಗಿ, ಮರುಳಪ್ಪನವರೊಬ್ಬರಿಗೆ ಹೇಳಿ, ಪ್ಯಾನೆಲ್ ತೆರೆದು ಗೇಣುದ್ದದ ವೈರನ್ನು ಎರಡು ತುದಿಗಳ ನಡುವೆ ಸಿಕ್ಕಿಸಿದೆ. ಕಿಂಡಿಯಲ್ಲಿ ಯಾರ ಕೈಯೂ ಇಲ್ಲ ಅಂತ ಯಂತ್ರಕ್ಕೆ ಸದಾ ಸುಳ್ಳು ಹೇಳುತ್ತಾ ಕೂರುವ ವೈರು ಅದು. ಯಂತ್ರ ಓಡಿತು. ಶಿವಗಂಗಮ್ಮನಿಗೆ ಸಮಾಧಾನ, ಲಾರಿಯವನಿಗೆ ಸಂತೋಷ.

ಕೆಲಸದವರನ್ನೆಲ್ಲ ಕರೆದು ನಾನೇ ಹೇಳಿದೆ. "ವಿಭೂತಿ ಉದುರೋ ತನಕ ಕಣ್ಣಿಗೆ ಕಾಣಲ್ಲ. ಅಲ್ಲಿ ತನಕ ಯಾರೂ ಕಿಂಡಿಗೆ ಕೈ ಹಾಕಬ್ಯಾಡಿ. ಕೊಕ್ಕೇನೇ ಹಿಡೀರಿ."

'ನಾನು ಬಂದು ವೈರು ಕೀಳುವ ತನಕ' ಅನ್ನಬೇಕಿತ್ತು. ವೈರಿನ ಮಾತೆತ್ತಿದರೆ ಯಾರಾದರೂ ಎಲ್ಲಾದರೂ ಬಾಯಿ ಬಿಟ್ಟಾರು ಅಂತ ನಾಲಿಗೆ ಬಿಗಿ ಹಿಡಿದೆ. ಜನಕ್ಕೆ ಅರ್ಥವಾಗುವ ಹಾಗೆ ಹೇಳಿದೆ ಅಂತ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ ಬೇರೆ.

ಒಂದು ವಾರ ಕಳೆಯಿತು. ಘೋಷಣೆ ಏರಿಸಲು ಕೊನೇ ದಿನ ಹತ್ತಿರ ಬಂತು. ಮೂವತ್ತೊಂದನ್ನೂ ಒಂದೇ ಸಂಜೆ ಅಂಗಡಿಯಲ್ಲಿ ಕೂತು ಏರಿಸಿದೆ. ಚಹಾ ಕುಡಿಯುತ್ತಾ ಟಿಕ್, ಮಂಡಕ್ಕಿ ತಿನ್ನುತ್ತಾ ಟಿಕ್. ಮರುಳಪ್ಪನವರ ಹೆಸರು ಬಂದಾಗ ಬೆರಳು ನಿಂತಿತು. ನಿಜವಾಗಿ ನಿಂತಿತು, ಆ ವೈರಿನ ಬಣ್ಣ ಸಹಿತ ನೆನಪಾಯಿತು. ನಾಳೆ ಹೇಗಿದ್ದರೂ ಬೇಲೂರಿಗೆ ಹೋಗುವುದಿದೆ, ದಾರಿಯಲ್ಲೇ ಕಿತ್ತುಬಿಟ್ಟರೆ ಇದು ಸುಳ್ಳಾಗುವುದಿಲ್ಲ ಅಂದುಕೊಂಡು ಒತ್ತಿದೆ. ಮಾರನೇ ದಿನ ಬೈಕಿನಲ್ಲಿ ಬೇಲೂರಿಗೆ ಹೋದೆ. ಹಳೇಬೀಡು ದಾಟಿದ ಮೇಲೆ ಮಾದಿಹಳ್ಳಿ ಕಡೆ ತಿರುಗಬೇಕಾದ ಜಾಗದಲ್ಲಿ ತಿರುಗಲಿಲ್ಲ.

ಅದಾಗಿ ಮೂರನೇ ದಿನ ಬೆಳಿಗ್ಗೆ ಹತ್ತೂವರೆಗೆ ಮರುಳಪ್ಪನವರ ಫೋನು ಬಂತು. ಈ ಸಲ ಮುಷ್ಕರದ ತಮಾಷೆ ಇರಲಿಲ್ಲ.

"ದೇವೀರಮ್ಮನ ಕೈ ಹೋಯ್ತು ಕಣೋ. ಕಾರಲ್ಲಿ ಹಾಸನಕ್ಕೆ ಕಳ್ಸಿದೀನಿ. ನೀನು ಮೊದಲು ಇಲ್ಲಿಗೆ ಬಾ. ಆ ವೈರು ತೆಗಿ."

ನಾನು ಹೋದೆ. ಆಸ್ಪತ್ರೆಗಲ್ಲ, ಕಾರ್ಖಾನೆಗೆ. ನೆಲದ ಮೇಲೆ ಯಾರೋ ನಾರಿನ ಪುಡಿ ಸುರಿದಿದ್ದರು, ಅದು ಕೆಂಪಗೆ ನೆನೆದು ಮುದ್ದೆಯಾಗಿತ್ತು. ಕಣ್ಣಿನ ಗಾಜು ಥಳಥಳ ಹೊಳೆಯುತ್ತಿತ್ತು, ವಿಭೂತಿಯ ಒಂದು ಚೂರೂ ಇರಲಿಲ್ಲ. ನಾನು ಪ್ಯಾನೆಲ್ ತೆರೆದು ವೈರು ಕಿತ್ತು ಜೇಬಿಗೆ ಹಾಕಿಕೊಂಡೆ. ಕೈ ನಡುಗಲಿಲ್ಲ. ನಡುಗಿದ್ದರೆ ನನ್ನ ಬಗ್ಗೆ ನನಗೆ ಸ್ವಲ್ಪವಾದರೂ ಮರ್ಯಾದೆ ಉಳಿಯುತ್ತಿತ್ತು.

ಮಾರನೇ ದಿನ ಇಲಾಖೆಯ ಇನ್ಸ್‌ಪೆಕ್ಟರ್ ಬಸವಕುಮಾರ್ ಬಂದರು. ಮೆತ್ತಗಿನ ಮಾತಿನ, ಅವಸರವಿಲ್ಲದ ಮನುಷ್ಯ. ಯಂತ್ರ ಓಡಿಸಲು ಹೇಳಿ ಕಿಂಡಿಗೆ ಒಂದು ಕೋಲು ತೂರಿಸಿದರು. ರೋಲರ್ ನಿಂತಿತು. ಹತ್ತು ಸಲ ಮಾಡಿದರು. ಹತ್ತು ಸಲವೂ ನಿಂತಿತು.

"ಸೆನ್ಸರ್ ಇಷ್ಟು ಚೆನ್ನಾಗಿ ಕೆಲಸ ಮಾಡ್ತಿದ್ರೆ ಕೈ ಹೋಗಿದ್ದು ಹೇಗೆ?"

"ಕಿಂಡಿಯಿಂದ ಹಾಕಿಲ್ಲ ಸಾರ್," ಅಂದರು ಮರುಳಪ್ಪ, ರಾತ್ರಿಯೆಲ್ಲ ಯೋಚಿಸಿಟ್ಟ ಮಾತು. "ರೋಲರ್ ಕೆಳಗೆ ಮುಚ್ಚಿರೋ ತಗಡು ಸರಿಸಿ ಹಾಕವ್ಳೆ. ಎಷ್ಟು ಸಲ ಬ್ಯಾಡ ಅಂದಿದ್ರೂ ಕೇಳ್ತಿರಲಿಲ್ಲ."

ಬಸವಕುಮಾರ್ ನನ್ನ ಕಡೆ ತಿರುಗಿದರು. ನಾನು ತಲೆ ಆಡಿಸಿದೆ.

"ಬಾಯಿಬಿಟ್ಟು ಹೇಳಿ ಇಂದ್ರೇಶ್. ಮೊನ್ನೆ ಮೊನ್ನೆ ಪರೀಕ್ಷೆ ಮಾಡಿದ್ದೀನಿ ಅಂತ ಸಹಿ ಹಾಕಿದೋರು ನೀವು."

"ಹೌದು ಸಾರ್. ಕಣ್ಣು ಸರಿಯಾಗಿತ್ತು."

"ಕಾವಲು ಸರಿಯಿದ್ದೂ ಆಯಮ್ಮ ಬೇಕಂತ ತಗಡು ಸರಿಸಿ ಕೈ ಹಾಕಿದ್ರೆ ಪರಿಹಾರದ ಕೇಸು ನಿಲ್ಲೋದು ಕಷ್ಟ. ಗೊತ್ತಲ್ವಾ ನಿಮಗೆ?"

"ಗೊತ್ತು ಸಾರ್."

ಹೇಳಿಕೆ ಬರೆದುಕೊಳ್ಳಲು ಹಾಸನದ ಆಸ್ಪತ್ರೆಗೆ ನನ್ನನ್ನೂ ಕರೆದುಕೊಂಡು ಹೋದರು. ದೇವೀರಮ್ಮನ ಬಲಗೈ ಮಣಿಕಟ್ಟಿನಿಂದ ಮೇಲೆ ನಾಲ್ಕು ಬೆರಳಷ್ಟು ಹೋಗಿತ್ತು. ಬಟ್ಟೆ ಸುತ್ತಿದ ಮೊಂಡು ತೋಳನ್ನು ದಿಂಬಿನ ಮೇಲೆ ಇಟ್ಟುಕೊಂಡು ಮಲಗಿದ್ದರು. ಮೇಘಶ್ರೀ ಔಷಧಿ ತರಲು ಕೆಳಗೆ ಹೋಗಿದ್ದಳು. ಬಸವಕುಮಾರ್ ಕುರ್ಚಿ ಎಳೆದುಕೊಂಡು, ಯಾವ ಕಡೆಯಿಂದ ಕೈ ಹಾಕಿದಿರಿ ಅಂತ ನಿಧಾನವಾಗಿ ಕೇಳಿದರು.

"ನಂದೇ ತಪ್ಪು ಸಾರ್."

"ಏನು ತಪ್ಪು ಅಮ್ಮಾ? ಬಿಡಿಸಿ ಹೇಳಿ."

"ನಂದೇ ತಪ್ಪು. ಇನ್ನೇನೂ ಕೇಳಬ್ಯಾಡಿ. ಯಜಮಾನ್ರದ್ದೂ ಇಲ್ಲ, ಇಂದ್ರೇಶಪ್ಪನದ್ದೂ ಇಲ್ಲ." ಅಳು ಉಕ್ಕಿ ಬಂತು. ನರ್ಸ್ ಬಂದು ಸಾಕು ಅಂದಳು.

ಬಸವಕುಮಾರ್ ಬರೆಯಲು ಕಾಗದ ತೆಗೆದರು. ಅವರಿಗೆ ಎಲ್ಲೋ ಏನೋ ಸರಿ ಕಾಣುತ್ತಿರಲಿಲ್ಲ. ಆದರೆ ಕಂಡದ್ದನ್ನು, ಕೇಳಿದ್ದನ್ನು ತಾನೇ ಬರೆಯಬೇಕು. ತಪ್ಪು ತನ್ನದೇ ಎಂದು ಒಪ್ಪಿಕೊಂಡಿರುತ್ತಾರೆ ಅಂತ ಬರೆದು, ದೇವೀರಮ್ಮನ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರು. ಹೆಣ್ಣುಮಕ್ಕಳ ಸಂಘದಲ್ಲಿ ರುಜು ಹಾಕಲು ಕಲಿತಿದ್ದ ಹೆಂಗಸು ಅದು. ಫೋನು ಬಂತೆಂದು ಬಸವಕುಮಾರ್ ವರಾಂಡಕ್ಕೆ ಹೋದಾಗ ದೇವೀರಮ್ಮ ನನ್ನನ್ನು ಹತ್ತಿರ ಕರೆದರು.

"ಯಾರ್ಗೂ ಹೇಳಬ್ಯಾಡ ಕಣಪ್ಪ. ಆ ವಿಭೂತಿ ನಾನೇ ಒರೆಸ್ದೆ. ಮುಕ್ಕಾಲು ಪಾಲು ಉದುರೋಗಿತ್ತು, ಕೊಕ್ಕೆ ಎಳ್ದೂ ಎಳ್ದೂ ರೆಟ್ಟೆ ಬಿದ್ದೋಗಿತ್ತು. ಇಷ್ಟೇ ತಾನೇ ಉಳಿದಿರೋದು ಅಂತ ಸೆರಗಲ್ಲಿ ಒರೆಸಿಬಿಟ್ಟೆ. ಗಾಜು ಲಕಲಕ ಅಂತು. ಕಣ್ಣು ಬಿಡ್ತಲ್ಲ ಅಂತ ಕೈ ಹಾಕ್ದೆ. ಸ್ವಾಮಿ ಒಂದು ಗಳಿಗೇನೂ ತಡೀಲಿಲ್ಲ. ಒರೆಸಿದ ಕೈಯನ್ನೇ ತಗಂಡ."

ಹಾಗೆಂದು ಎಡಗೈಯನ್ನು ಎತ್ತಿ ಕೆನ್ನೆ ಬಡಿದುಕೊಂಡರು. ತಪ್ಪಾಯ್ತು ಅಂತ ದೇವರ ಮುಂದೆ ಎರಡೂ ಕೈಯಿಂದ ಬಡಿದುಕೊಳ್ಳುತ್ತೇವಲ್ಲ, ಹಾಗೆ. ಬಲಗೆನ್ನೆಗೊಂದು, ಎಡಗೆನ್ನೆಗೊಂದು, ಒಂದೇ ಕೈ ಅತ್ತಿಂದಿತ್ತ ಓಡಾಡಿತು. ಮೊಂಡು ತೋಳೂ ತನ್ನ ಪಾಲಿನದನ್ನು ಮಾಡಲು ದಿಂಬಿನಿಂದ ಎದ್ದು, ನೋವಿಗೆ ಮತ್ತೆ ಬಿತ್ತು.

ಆಗಲೇ ಹೇಳಿಬಿಡಬೇಕಿತ್ತು. ವರಾಂಡದಲ್ಲಿ ಬಸವಕುಮಾರ್ ಇದ್ದರು, ಹತ್ತು ಹೆಜ್ಜೆ. ನಾನು "ಸಮಾಧಾನ ಮಾಡ್ಕಳಿ ಅಕ್ಕ" ಅಂದೆ. ನನ್ನ ಬಾಯಿಂದ ಬಂದದ್ದು ಅಷ್ಟೇ. ಆ ಮಾತು ನೆನೆದರೆ ಈಗಲೂ ನಾಲಿಗೆ ಕತ್ತರಿಸಿ ಬಿಸಾಡೋಣ ಅನ್ನಿಸುತ್ತದೆ.

ಹನ್ನೆರಡು ದಿನ ಹಾಗೇ ಇದ್ದೆ. ಹೇಡಿಗೆ ಕಾರಣಗಳಿಗೇನೂ ಬರವಿಲ್ಲ. ಲೈಸೆನ್ಸ್ ಹೋದರೆ ನನ್ನ ಅಂಗಡಿಯ ಮೂವರು ಹುಡುಗರ ಗತಿ ಏನು, ಮರುಳಪ್ಪನವರು ಆಸ್ಪತ್ರೆ ಖರ್ಚು ಹಾಕಿಕೊಂಡಿದ್ದಾರಲ್ಲ, ಹೇಳಿದರೆ ಹೋದ ಕೈ ಬರುತ್ತದೆಯೆ? ಎಲ್ಲ ಕಾರಣಗಳನ್ನೂ ಒಂದೊಂದಾಗಿ ಮುಗಿಸಿದ ಮೇಲೂ ಆ ಒಂಟಿ ಕೈ ಕೆನ್ನೆಯಿಂದ ಕೆನ್ನೆಗೆ ಓಡಾಡುವುದು ನಿಲ್ಲಲಿಲ್ಲ. ಕೊನೆಗೆ ಒಂದು ಪುಟ ಬರೆದೆ. ವೈರು ಹಾಕಿದ್ದು, ಟಿಕ್ ಒತ್ತಿದ್ದು, ವೈರು ಕಿತ್ತಿದ್ದು, ಸುಳ್ಳು ಹೇಳಿದ್ದು. ಹಾಸನಕ್ಕೆ ಹೋಗಿ ಬಸವಕುಮಾರ್ ಕೈಗೆ ಕೊಟ್ಟೆ.

ಅವರು ಎರಡು ಸಲ ಓದಿದರು. "ನಿಮ್ಮ ಲೈಸೆನ್ಸ್ ಹೋಗುತ್ತೆ. ಪೊಲೀಸ್ ಕೇಸೂ ಆಗುತ್ತೆ, ನಿಮ್ಮ ಮೇಲೂ, ಮರುಳಪ್ಪನವರ ಮೇಲೂ."

"ಗೊತ್ತು ಸಾರ್."

"ಆಯಮ್ಮನ ಮೇಲೆ ಬರೆದಿದ್ದನ್ನ ನಾನು ತೆಗೀತೀನಿ. ಪರಿಹಾರಕ್ಕೂ ದಾರಿ ಆಗುತ್ತೆ. ಆಯಮ್ಮನಿಗೆ ಹೇಳಿದ್ರಾ?"

"ಇಲ್ಲ ಸಾರ್."

"ಮೊದಲು ಅಲ್ಲಿಗೆ ಹೋಗಬೇಕಿತ್ತು ನೀವು," ಅಂದರು, ಕಾಗದದಿಂದ ತಲೆ ಎತ್ತದೆ.

ಅಲ್ಲಿಂದ ನೇರ ಹುಲಿಕೆರೆಗೆ ಹೋದೆ. ನಿಜ ಹೇಳುತ್ತೇನೆ, ದಾರಿಯುದ್ದಕ್ಕೂ ಮನಸ್ಸು ಹಗುರವಾಗಿತ್ತು. ದೇವರು ಮುನಿದಿಲ್ಲ, ನೀವು ಯಾವ ತಪ್ಪೂ ಮಾಡಿಲ್ಲ ಅಂತ ಹೇಳಲು ಹೋಗುತ್ತಿದ್ದೇನೆ ತಾನೇ. ಬೈದರೂ ಬೈಯಲಿ, ಎರಡೇಟು ಹಾಕಿದರೂ ಹಾಕಲಿ, ಆಮೇಲೆ ಆಕೆಯ ಮನಸ್ಸಿಗೆ ನೆಮ್ಮದಿ ಆಗುತ್ತದೆ ಅಂತ ಲೆಕ್ಕ ಹಾಕಿಕೊಂಡಿದ್ದೆ.

ಮಧ್ಯಾಹ್ನ ಎರಡು ಗಂಟೆ. ದೇವೀರಮ್ಮ ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿದ್ದರು. ಮೇಘಶ್ರೀ ಒಲೆ ಮುಂದೆ ಮುದ್ದೆ ತಿರುವುತ್ತಿದ್ದಳು. ಆಸ್ಪತ್ರೆಯ ದಿನದಿಂದ ಅವಳು ಕಾಲೇಜಿಗೆ ಹೋಗಿಲ್ಲ. ನಾನು ಎದುರಿಗೆ ಕೂತು ಎಲ್ಲ ಹೇಳಿದೆ. ಒಂದನ್ನೂ ಮುಚ್ಚಿಡಲಿಲ್ಲ. ಮೇಘಶ್ರೀಯ ಕೋಲು ಪಾತ್ರೆಯಲ್ಲೇ ನಿಂತುಬಿಟ್ಟಿತು.

"ಹಂಗಾದ್ರೆ ನಾನು ಒರೆಸಿದ್ದಕ್ಕಲ್ವಾ?" ಅಂದರು ದೇವೀರಮ್ಮ.

"ಅಲ್ಲ ಅಕ್ಕ. ನೀವು ಒರೆಸಿದ್ರೂ ಅಷ್ಟೇ, ಒರೆಸದಿದ್ರೂ ಅಷ್ಟೇ. ನಿಮ್ದೇನೂ ತಪ್ಪಿಲ್ಲ."

ನಾನು ಕಾದೆ. ಆ ಮುಖದಲ್ಲಿ ನೆಮ್ಮದಿ ಬರಲಿಲ್ಲ. ಇದ್ದ ಒಂದಷ್ಟು ಬೆಳಕೂ ಆರಿಹೋಯಿತು.

"ಸ್ವಾಮಿ ತಗಂಡ ಅಂದ್ಕಂಡಿದ್ದೆ ಕಣಪ್ಪ," ಅಂದರು. "ತಪ್ಪು ಮಾಡ್ದೆ, ಕೈ ಕೊಟ್ಟೆ, ತೀರ್ತು ಅಂತ ಹೆಂಗೋ ಮನಸ್ಸು ಗಟ್ಟಿ ಮಾಡ್ಕಂಡಿದ್ದೆ. ಈಗ ನೀನು ಬಂದು ಏನೂ ಇಲ್ಲ ಅಂತೀಯ. ಏನೂ ಇಲ್ದೇ ಹೋಯ್ತಾ ನನ್ ಕೈ? ನೀನು ಮರ್ತೆ ಅಂತ ಹೋಯ್ತಾ?"

"ಮರೆತಿರಲಿಲ್ಲ ಅಕ್ಕ." ಸುಳ್ಳು ಹೇಳುವ ಶಕ್ತಿ ನನಗೆ ಉಳಿದಿರಲಿಲ್ಲ. "ನೆನಪಿತ್ತು. ಅದಕ್ಕೂ ಮೂರು ದಿನ ಮೊದಲು ಆ ದಾರೀಲೇ ಬೇಲೂರಿಗೆ ಹೋದೆ."

"ಮತ್ಯಾಕೆ ಈ ಕಡೆ ತಿರುಗಲಿಲ್ಲ?"

"ಹೊಟ್ಟೆ ಹಸಿದಿತ್ತು. ಬೇಗ ಬೇಲೂರು ಸೇರಿ ಊಟ ಮಾಡೋಣ ಅಂತ ಹೋದೆ."

ದೇವೀರಮ್ಮ ಬೈಯಲಿಲ್ಲ. ಊರಿಂದ ಬಂದ ನೆಂಟರನ್ನು ಕೇಳುವ ಹಾಗೆ ಕೇಳಿದರು. "ಏನು ಊಟ ಮಾಡ್ದೆ ಅವತ್ತು?"

"ಮುದ್ದೆ. ಸೊಪ್ಪಿನ ಸಾರು."

"ಹೊಟ್ಟೆ ತುಂಬ್ತಾ?"

"ತುಂಬ್ತು ಅಕ್ಕ."

ಅವರು ಮಗಳ ಕಡೆ ತಿರುಗಿ, "ನಂಗೂ ಇಕ್ಕವ್ವಾ," ಅಂದರು. ಮೇಘಶ್ರೀ ತಟ್ಟೆಗೆ ಮುದ್ದೆ ಹಾಕಿ, ಸಾರು ಬಿಟ್ಟು, ತಾಯಿಯ ಪಕ್ಕ ಮಂಡಿಯೂರಿ ಕೂತಳು. ಬಿಸಿ ಮುದ್ದೆಯನ್ನು ಬೆರಳ ತುದಿಯಿಂದ ಮುರಿದು, ಸಾರಿನಲ್ಲಿ ಅದ್ದಿ, ಬಾಯಿಯ ಹತ್ತಿರ ಹಿಡಿದಳು. ದೇವೀರಮ್ಮ ಬಾಯಿ ತೆರೆದರು. ಗದ್ದದ ಮೇಲೆ ಇಳಿದ ಸಾರನ್ನು ಮಗಳು ತನ್ನ ವೇಲಿನಿಂದ ಒರೆಸಿದಳು. ಎರಡನೇ ತುತ್ತಿಗೆ ನನ್ನಿಂದ ತಡೆಯಲು ಆಗಲಿಲ್ಲ, ಎದ್ದು ನಿಂತೆ.

"ಎಲ್ಲಿಗೆ? ಕೂತ್ಕ," ಅಂದರು ದೇವೀರಮ್ಮ. "ನಾನು ಉಂಡು ಮುಗ್ಸೋಗಂಟ ಕೂತ್ಕಂಡು ನೋಡು."